ನಾಲಗೆಯ ಕಸರತ್ತು

ಶರಣಪ್ಪನವರ ಗೊರಕೆಗೆ ಗೋಡೆ ಲೆಕ್ಕಕ್ಕೇ ಇರಲಿಲ್ಲ. ಕಾಳಿಘಾಟಿನ ಆ ಹಳೆಯ ಕಟ್ಟಡದಲ್ಲಿ ಅವರು ಕಣ್ಣು ಮುಚ್ಚಿದರೆಂದರೆ, ಪಕ್ಕದ ಮನೆಯೊಳಗೆ ಹೌರಾ ಸ್ಟೇಷನ್ನಿನ ಗಾಡಿ ಬಂದು ನಿಂತಂತಾಗುತ್ತಿತ್ತು. ಪಕ್ಕದ ಮನೆ ಬೇರೆ ಯಾರದೂ ಅಲ್ಲ, ಇವರ ಮನೆಯ ಮಾಲೀಕರಾದ ಭಾದುಡಿಬಾಬು ಅವರದೇ. ಜೊತೆಗೆ ಅವರ ವಯಸ್ಸಾದ ತಾಯಿ. ಕಟ್ಟಡದವರೆಲ್ಲ ಆಕೆಯನ್ನು ಮಾಶಿಮಾ ಎಂದೇ ಕರೆಯುತ್ತಿದ್ದರು.

"ಅಮ್ಮನ ನಿದ್ದೆ ಕೆಡಬಾರದು, ಶರಣಪ್ಪಬಾಬು," ಎಂದು ಹೋದ ತಿಂಗಳು ಭಾದುಡಿಬಾಬು ಸಂಕೋಚದಿಂದ ಹೇಳಿದ್ದರು. "ಗೊರಕೆ ನಿಂತರೆ ಕರಾರು ಮುಂದುವರಿಸೋಣ. ಇಲ್ಲದಿದ್ದರೆ..."

ಮಾತು ಮುಗಿಸುವಷ್ಟು ಕಠಿಣ ಮನಸ್ಸು ಅವರದಲ್ಲ. ಮುಗಿಸಬೇಕಾಗಿಯೂ ಇರಲಿಲ್ಲ. ಸೆಕ್ಟರ್ ಫೈವ್‌ನಲ್ಲಿ ಕಂಪ್ಯೂಟರ್ ಕಂಪನಿಗಳು ತಲೆಯೆತ್ತಿದ ಮೇಲೆ ಹುಡುಗರು ಗುಂಪು ಕಟ್ಟಿಕೊಂಡು ಬಂದು, ಕೇಳಿದಷ್ಟು ಬಾಡಿಗೆ ಕೊಟ್ಟು ಮನೆ ಹಿಡಿಯುತ್ತಿದ್ದರು. ವಿಮಾ ಕಚೇರಿಯ ಸಂಬಳದಲ್ಲಿ ಇನ್ನೊಂದು ಮನೆ ಹುಡುಕುವುದು ಶರಣಪ್ಪನವರಿಗೆ ಆಗದ ಮಾತು.

ಹಾಗಾಗಿ ಅವರು ಮೈಸೂರಿನ ಹುಡುಗಿ ಶೋಭನಾ ನಡೆಸುತ್ತಿದ್ದ ಸ್ಪೀಚ್ ಥೆರಪಿ ಕ್ಲಿನಿಕ್ಕಿಗೆ ಹೋದರು.

"ನಿಮ್ಮ ನಾಲಿಗೆ ಸಡಿಲವಾಗಿದೆ ಸಾರ್. ಮಲಗಿದಾಗ ಹಿಂದಕ್ಕೆ ಜಾರತ್ತೆ," ಎಂದಳು ಆಕೆ. "ತೋಳಿಗೆ ಕಸರತ್ತು ಇಲ್ವಾ, ಹಾಗೇ ನಾಲಿಗೆಗೂ. ಕೆನ್ನೆ ಉಬ್ಬಿಸಿ ಹಿಡೀಬೇಕು. ಆಮೇಲೆ ನಾಲಿಗೆ ತುದೀನ ಹಲ್ಲಿನ ಮಧ್ಯೆ ಕಚ್ಚಿ ಹಿಡ್ಕೊಂಡು ಉಗುಳು ನುಂಗಬೇಕು. ಮಧ್ಯೆ ಮಾತಾಡಿದ್ರೆ ಮತ್ತೆ ಮೊದಲಿಂದ ಶುರು."

ಶರಣಪ್ಪ ವಿಧೇಯ ಮನುಷ್ಯ. ಬಸ್ಸಿನಲ್ಲಿ ಉಬ್ಬಿಸಿದರು, ಕಚೇರಿಯಲ್ಲಿ ಕಚ್ಚಿದರು. ಕೆಲವು ದಿನಗಳಿಂದ ಗೊರಕೆ ನಿಂತಿದೆಯೆಂದು ಹೆಂಡತಿ ಸುಲೋಚನಾ ಸಾಕ್ಷಿ ಹೇಳಿದರೂ ಅವರಿಗೆ ಧೈರ್ಯ ಸಾಲದು. ಇವತ್ತು ಭಾನುವಾರ, ಸಂಜೆ ಭಾದುಡಿಬಾಬು ತೀರ್ಮಾನ ಹೇಳಲು ಬರುವವರಿದ್ದರು. ಪರೀಕ್ಷೆಯ ದಿನದ ಹುಡುಗನಂತೆ ಶರಣಪ್ಪ ಬೆಳಗಿನಿಂದಲೇ ಅಭ್ಯಾಸಕ್ಕೆ ಬಿದ್ದಿದ್ದರು.

ತರಕಾರಿಗೆಂದು ನಾಲಗೆ ಕಚ್ಚಿಕೊಂಡೇ ಮೆಟ್ಟಿಲಿಳಿಯುತ್ತಿದ್ದಾಗ ಮೇಲಿನ ಮನೆಯ ಬುಲುದಿ ಎದುರಾದರು. ಕೈಯಲ್ಲಿ ಮೀನಿನ ಚೀಲ, ಮುಖದಲ್ಲಿ ಮಂಡಿನೋವು.

"ಇವತ್ತೂ ಲಿಫ್ಟಿಲ್ಲ, ದಾದಾ. ಈಚೆಗೆ ದಿನಾ ಬೆಳಿಗ್ಗೆ ಯಾರೋ ಮೇಲೆ ಹೋಗಿ ಜಾಲರಿ ಬಾಗಿಲು ಎಳೆಯದೇ ಬಿಟ್ಟು ಬರುತ್ತಾರೆ. ಅದು ಅಲ್ಲೇ ನಿಂತುಬಿಡುತ್ತೆ. ಯಾರು ಅಂತ ನಿಮಗೇನಾದರೂ ಗೊತ್ತಾ?"

ಶರಣಪ್ಪ ಬಾಯಿ ಬಿಡುವಂತಿರಲಿಲ್ಲ. ಹಲ್ಲುಗಳ ನಡುವೆ ನಾಲಗೆ ಹಿಡಿದು ಉಗುಳು ನುಂಗಿದರು. ನುಂಗುವ ಕಷ್ಟಕ್ಕೆ ಕಣ್ಣಗಲವಾಗಿ ನೀರು ತುಂಬಿತು.

ಬುಲುದಿಯ ಮುಖ ಬೆಣ್ಣೆಯಂತೆ ಕರಗಿತು. "ಅಯ್ಯೋ, ಇರಲಿ ಬಿಡಿ. ಎಲ್ಲರಿಂದಲೂ ಆಗುತ್ತೆ."

ಏನಾಗುತ್ತೆ ಎಂದು ಶರಣಪ್ಪನವರಿಗೆ ತಿಳಿಯಲಿಲ್ಲ. ಪಾಪ, ಮಂಡಿನೋವಿನ ಹೆಂಗಸು ಎಂದು ಮೀನಿನ ಚೀಲವನ್ನು ಇಸಿದುಕೊಂಡು ಮೇಲಿನವರೆಗೆ ಒಯ್ದುಕೊಟ್ಟರು. ಬುಲುದಿಗೆ ಅನುಮಾನ ಏನಾದರೂ ಉಳಿದಿದ್ದರೆ ಅದರಿಂದ ಪೂರ್ತಿ ಹೋಯಿತು.

ತರಕಾರಿ ಕೊಂಡು ಬರುವಷ್ಟರಲ್ಲಿ ಕೆಳಮನೆಯ ಸಾನ್ಯಾಲ್ ಮಾಸ್ತರು ಬಾಗಿಲಲ್ಲೇ ನಿಂತಿದ್ದರು. "ಬುಲು ಹೇಳಿದಳು. ನಿಜವೇ?"

ಶರಣಪ್ಪ ಆಗಷ್ಟೇ ಕೆನ್ನೆ ಉಬ್ಬಿಸಿದ್ದರು. ತಂಬೂರಿಯ ಬುರುಡೆಯಂಥ ಮುಖದಿಂದ ಸುಮ್ಮನೆ ನೋಡಿದರು.

"ಉಸಿರು ಕಟ್ಟಿಕೊಂಡು ಸಂಕಟಪಡಬೇಡಿ. ಇಷ್ಟು ಮನೆಗಳಲ್ಲಿ ಒಪ್ಪಿಕೊಂಡವರು ನೀವೊಬ್ಬರೇ," ಎಂದು ಮಾಸ್ತರು ಬೆನ್ನು ತಟ್ಟಿ, ಒಳಗೆ ಕೂರಿಸಿ ಚಹಾ ಕುಡಿಸಿ ಕಳಿಸಿದರು.

ದಾರಿ ತಪ್ಪಿ ಬೇರೆ ಯಾರದೋ ಮದುವೆಯಲ್ಲಿ ಉಂಡು ಬಂದವನ ಹಾಗೆ ಶರಣಪ್ಪ ಮನೆ ಸೇರಿದರೆ, ಸುಲೋಚನಾ ಪಾಯಸದ ಬಟ್ಟಲು ಹಿಡಿದು ನಿಂತಿದ್ದಳು.

"ಬುಲುದಿ ಕಳಿಸ್ಯಾರ. ಇಡೀ ಬಿಲ್ಡಿಂಗ್ ನಿಮ್ಮನ್ನ ಮಾಫ್ ಮಾಡೇತಂತ. ಲಿಫ್ಟಿನ ಬಾಗಲಾ ತೆರೆದಿಟ್ಟಾವ್ರು ನೀವss ಅಂತಲ್ಲ?"

"ನಾನಾ? ಲಿಫ್ಟ್ ಅಂದ್ರ ನನಗ ಹೆದರಿಕಿ. ಒಂದಿನಾ ಹತ್ತಿಲ್ಲ. ಯಾರ ಹೇಳಿದ್ರು?"

"ನಿಮ್ಮ ನಾಲಿಗಿ ಹೇಳ್ತು." ಸುಲೋಚನಾ ಗೋಡೆಯ ಕ್ಯಾಲೆಂಡರ್ ತೋರಿಸಿದಳು. "ಕಾಳವ್ವ ನಾಲಿಗಿ ಯಾಕ ಚಾಚ್ಯಾಳ? ಗಂಡನ ಮ್ಯಾಲ ಕಾಲಿಟ್ನೆಲ್ಲಾ ಅಂತ ನಾಚಿಕೊಂಡು. ಈ ಊರಾಗ ನಾಲಿಗಿ ಕಚ್ಚಿದ್ರ ತಪ್ಪಾತು ಅಂದಂಗ. ಇಷ್ಟ ವರ್ಷ ಇದ್ದೀರಿ, ಇದು ಗೊತ್ತಿಲ್ಲೇನು?"

"ಈಗss ಹೋಗಿ ನಾನಲ್ಲ ಅಂತ ಹೇಳಿ ಬರ್ತೀನಿ."

"ಪಾಯಸ ತಿಂದು ಹೋಗಿ ಹೇಳ್ತೀರೋ, ತಿನ್ನದss ಹೋಗಿ ಹೇಳ್ತೀರೋ?"

ಯೋಚಿಸುತ್ತಾ ಕುಳಿತ ಶರಣಪ್ಪ ಅಷ್ಟರಲ್ಲಿ ಅರ್ಧ ಬಟ್ಟಲು ತಿಂದುಬಿಟ್ಟಿದ್ದರು.

ಸಂಜೆ ಭಾದುಡಿಬಾಬು ಬಂದರು. ಅವರ ತೋಳು ಹಿಡಿದು ಮಾಶಿಮಾ ಕೂಡ. ಗೊರಕೆ ಒಂದು ಸಾಲದೆಂದು ಈಗ ಲಿಫ್ಟಿನ ಆರೋಪ ಬೇರೆ. ಶರಣಪ್ಪ ನಾಲಗೆಯನ್ನು ಬಾಯೊಳಗೆ ಭದ್ರವಾಗಿಟ್ಟುಕೊಂಡು, "ಬಾಬು, ಆ ಬಾಗಿಲು ತೆರೆದಿಟ್ಟದ್ದು ನಾನಲ್ಲ," ಎಂದರು.

"ಗೊತ್ತು ಮಗು," ಎಂದರು ಮಾಶಿಮಾ. "ಅದು ನಾನು."

ಮಗ ತಾಯಿಯ ಮುಖ ನೋಡಿದರು.

"ಬೆಳಕು ಹರಿಯುವ ಮೊದಲೇ ತಾರಸಿಗೆ ಹೋಗುತ್ತೇನೆ. ನಿದ್ದೆಗೆಟ್ಟ ತಲೆ, ಬಾಗಿಲು ಎಳೆಯುವುದು ಮರೆತುಹೋಗುತ್ತೆ. ನೀನು ನಾಲಗೆ ಕಚ್ಚಿ ಒಪ್ಪಿಕೊಂಡೆಯಂತೆ. ಬುಲು ಹೇಳಿ ಅತ್ತಳು. ನನ್ನ ಮಾನ ಉಳಿಸಲೆಂದೇ ಅಂದುಕೊಂಡೆ."

"ನಿದ್ದೆ ಯಾಕಿಲ್ಲ, ಮಾಶಿಮಾ?" ಶರಣಪ್ಪ ಗಾಬರಿಯಾದರು. "ನನ್ನ ಗೊರಕೆ ನಿಂತಿದೆಯಲ್ಲ?"

"ಅದಕ್ಕೇ." ಆಕೆ ಸೆರಗಿನಿಂದ ಮೂಗೊರೆಸಿಕೊಂಡರು. "ಇವನ ಅಪ್ಪನದೂ ಹೀಗೇ ಗೊರಕೆ. ಅವರು ಹೋದಮೇಲೆ ನಾನು ಸರಿಯಾಗಿ ನಿದ್ದೆ ಕಂಡದ್ದು ನೀವು ಈ ಮನೆಗೆ ಬಂದ ಮೇಲೆಯೇ. ಈಗ ಗೋಡೆಗೆ ಕಿವಿಗೊಟ್ಟು ಕೂತಿರುತ್ತೇನೆ, ಮಾತಿಲ್ಲ ಕತೆಯಿಲ್ಲ. ನನ್ನ ಮೇಲೇನಾದರೂ ಸಿಟ್ಟೇನಪ್ಪಾ?"

ಗೊರಕೆಯಿಂದ ನಿದ್ದೆ ಕೆಡುತ್ತದೆಯೇ ಎಂದು ಭಾದುಡಿಬಾಬು ತಾಯಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಅವರು ಮೆಲ್ಲಗೆ ನಾಲಗೆ ಕಚ್ಚಿಕೊಂಡರು. ಹಾಗಾದರೆ ಲಿಫ್ಟ್ ನಿಂತದ್ದೂ ಬುಲುದಿ ಮೆಟ್ಟಿಲು ಹತ್ತಿದ್ದೂ ಕೊನೆಗೆ ತನ್ನಿಂದಲೇ ಎಂದು ಶರಣಪ್ಪನವರಿಗೆ ಹೊಳೆದು, ಅವರ ನಾಲಗೆಯೂ ತಾನಾಗಿ ಹೊರಬಂತು.

"ಕರಾರು ಎಷ್ಟು ವರ್ಷಕ್ಕೆ ಬೇಕಾದರೂ ಬರೆಯೋಣ," ಎಂದರು ಭಾದುಡಿಬಾಬು. "ಷರತ್ತು ಒಂದೇ. ಗೊರಕೆ ಇರಬೇಕು."

ಅವರು ಹೋದ ಕೂಡಲೇ ಶರಣಪ್ಪ ಶೋಭನಾಗೆ ಫೋನು ಹಚ್ಚಿದರು. ಬಿಗಿಯಾದ ನಾಲಗೆಯನ್ನು ಸಡಿಲ ಮಾಡುವ ಕಸರತ್ತು ಯಾವುದೂ ಇಲ್ಲವಂತೆ. ಅಭ್ಯಾಸ ಬಿಟ್ಟರೆ ತಿಂಗಳುಗಟ್ಟಲೆ ಕಾಯಬೇಕಂತೆ.

"ಅಲ್ಲೀತನಕಾ ಏನ್ ಮಾಡ್ಲಿ?" ಎಂದು ಅವರು ಹೆಂಡತಿಯನ್ನು ಕೇಳಿದರು.

ಸುಲೋಚನಾ ಆಗಲೇ ಒಲೆಯ ಮೇಲೆ ಕಾಫಿಗೆ ನೀರಿಟ್ಟಿದ್ದಳು. "ಸ್ಟ್ರಾಂಗ್ ಮಾಡಿ ಕೊಡ್ತೀನಿ. ಗ್ವಾಡಿಗೆ ಆನಿಸ್ಕೊಂಡು ಕೂತು, ಎಚ್ಚರಿದ್ದss ಗೊರಕಿ ಹೊಡೀರಿ."