ಮಾರ್ಗದರ್ಶಕರ ಮೂಲಕ

ಈ ಸಂಗತಿಯನ್ನು ಮೊದಲು ಹೇಳಿದವರು ನನ್ನ ಮನೆಯವಳ ಸೋದರಮಾವ. ವಿಶ್ವವಿದ್ಯಾಲಯದ ಅಚ್ಚುಕೂಟದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವರು. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಇಷ್ಟುದ್ದದ ಸುಳ್ಳನ್ನು ಕಟ್ಟುವ ಬುದ್ಧಿಯೂ ಇರಲಿಲ್ಲವೆಂದು ಅವರ ಹೆಂಡತಿಯೇ ಹೇಳುತ್ತಿದ್ದರು. ಆದ್ದರಿಂದ ನಂಬಬಹುದು.

ಆ ವಿಶ್ವವಿದ್ಯಾಲಯದಲ್ಲಿ ತಾರತಮ್ಯವಾಗಲಿ ಕಿರುಕುಳವಾಗಲಿ ಇರಲಿಲ್ಲ. ದೇವರಾಣೆಗೂ ನಿಜ, ಏಕೆಂದರೆ ವಾರ್ಷಿಕ ವರದಿಯಲ್ಲಿ ಹಾಗೆಂದು ಅಚ್ಚಾಗುತ್ತಿತ್ತು. ಇಲ್ಲದ್ದನ್ನು ವಿಚಾರಿಸಲು 'ಅರಿವು ಮತ್ತು ದೂರು ಘಟಕ' ಎಂಬುದೊಂದು ಇತ್ತು. ಘಟಕಕ್ಕೊಂದು ಕೋಣೆ, ಕೋಣೆಗೊಂದು ಹೊಸ ಪರದೆ, ಪರದೆಯ ಹಿಂದೆ ಒಬ್ಬ ಅಧ್ಯಕ್ಷೆ. ಗೋಡೆಯ ಮೇಲೆ 'ಭಯ ಬಿಡಿ, ಬಾಯಿ ಬಿಡಿ' ಎಂಬ ಫಲಕ. ಅದರ ಕೆಳಗೇ 'ಮೌನವಾಗಿರಿ' ಎಂಬ ಇನ್ನೊಂದು. ಮೊದಲು ಆ ಕೋಣೆ ವಾಚನಾಲಯವಾಗಿತ್ತು.

ಅಲ್ಲಿಗೆ ಒಂದು ಬೆಳಿಗ್ಗೆ ಇಸ್ತ್ರಿ ಅಂಗಡಿಯವಳ ಮಗಳು ದೂರು ಹಿಡಿದು ಬಂದಳು. ಅವಳು ಸಂಶೋಧನಾ ವಿದ್ಯಾರ್ಥಿನಿ. ಅವಳ ಮಾರ್ಗದರ್ಶಕರು ಸಮಾನತೆಯ ಬಗ್ಗೆ ದಪ್ಪದಪ್ಪ ಪುಸ್ತಕ ಬರೆದ ಹೆಸರಾಂತ ಪ್ರಾಧ್ಯಾಪಕರು. ಉಳಿದ ವಿದ್ಯಾರ್ಥಿಗಳು ಅವರ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರುತ್ತಿದ್ದರು, ಇವಳು ಬಾಗಿಲಾಚೆ ಸ್ಟೂಲಿನ ಮೇಲೆ. ತಮ್ಮ ಅಂಗಿಗಳ ಗಂಟನ್ನು ಇವಳ ಕೈಗೇ ಕೊಟ್ಟು, "ನಿಮ್ಮ ರಕ್ತದಲ್ಲೇ ಬಂದಿರೋ ವಿದ್ಯೆ ಇದು, ಕೈಬಿಡಬೇಡ" ಎನ್ನುತ್ತಿದ್ದರು. ಇವಳನ್ನು ಒಳಗೆ ಕರೆಯುತ್ತಿದ್ದುದು ಉಳಿದವರೆಲ್ಲ ಮನೆಗೆ ಹೋದ ಮೇಲೆ. ಆಗ ಚಿಲಕ ಹಾಕಿ, ಅಧ್ಯಾಯ ತಿದ್ದುವ ಕೈಯನ್ನು ಅವಳ ಹೆಗಲ ಮೇಲಿಡುತ್ತಿದ್ದರು. ಅವಳು ಆ ಕೈಯನ್ನು ಸರಿಸಿದಂದಿನಿಂದ ಅಧ್ಯಾಯಗಳು ಮೇಜಿನ ಮೇಲೆ ಧೂಳು ತಿನ್ನುತ್ತಿದ್ದವು. ವರ್ಷಾಂತ್ಯದೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು. ಅವಳು ಕೇಳಿದ್ದು ಇಷ್ಟೇ: ಬೇರೊಬ್ಬ ಮಾರ್ಗದರ್ಶಕರು.

ಅಧ್ಯಕ್ಷೆ ದೂರನ್ನು ಪೂರ್ತಿ ಓದಿದರು. ಓದುತ್ತಾ ಕಣ್ಣೊರೆಸಿಕೊಂಡರು. ಕೊನೆಗೆ ಹಾಳೆಯನ್ನು ಮಗುಚಿ ನೋಡಿ, "ಎಲ್ಲಾ ಸರಿಯಿದೆ ಕಣಮ್ಮ. ಮಾರ್ಗದರ್ಶಕರ ಸಹಿ ಎಲ್ಲಿ?" ಎಂದರು.

"ದೂರು ಅವರ ಮೇಲೇ ಮೇಡಂ."

"ಅದು ಅರ್ಥವಾಯ್ತು. ಆದರೆ ಸಂಶೋಧನಾ ವಿದ್ಯಾರ್ಥಿಯ ಯಾವ ಬರಹವಾದರೂ ಮಾರ್ಗದರ್ಶಕರ ಮೂಲಕವೇ ಬರಬೇಕು. ನಿಯಮ ಎಲ್ಲರಿಗೂ ಒಂದೇ. ನಿನಗೊಬ್ಬಳಿಗೆ ಬಿಟ್ಟರೆ ತಾರತಮ್ಯ ಆಗಲ್ವೇ?"

ತಾರತಮ್ಯವನ್ನು ಘಟಕ ಎಂದೂ ಸಹಿಸಿದ್ದಲ್ಲ. ಹುಡುಗಿ ದೂರನ್ನು ಎತ್ತಿಕೊಂಡು ಪ್ರಾಧ್ಯಾಪಕರ ಬಾಗಿಲಿಗೆ ಹೋದಳು.

ಪ್ರಾಧ್ಯಾಪಕರು ಸಿಟ್ಟಾಗಲಿಲ್ಲ, ವಿದ್ವಾಂಸರು. ಕನ್ನಡಕ ಏರಿಸಿ ಕೆಂಪು ಪೆನ್ನು ಹಿಡಿದರು. ಎಷ್ಟೋ ತಿಂಗಳಿಂದ ಅವಳ ಅಧ್ಯಾಯಗಳನ್ನು ಮುಟ್ಟದವರು ದೂರನ್ನು ಮಾತ್ರ ಪೂಜೆಗೆ ಕೂತಷ್ಟು ಶ್ರದ್ಧೆಯಿಂದ ತಿದ್ದಿದರು. 'ಹೆಗಲು' ಎಂದಿದ್ದಲ್ಲಿ 'ಎಡವೋ ಬಲವೋ ಸ್ಪಷ್ಟಪಡಿಸಿ' ಎಂದು ಅಂಚಿನಲ್ಲಿ ಬರೆದರು. 'ನನಗೆ ಹಿಂಸೆಯಾಯಿತು' ಎಂಬ ಮಾತಿಗೆ ಆಧಾರ ಗ್ರಂಥ ಕೇಳಿದರು. ಬೇರೆ ಪ್ರಾಧ್ಯಾಪಕರ ಕಿರುಕುಳದೊಂದಿಗೆ ಹೋಲಿಕೆ ಇಲ್ಲದಿರುವುದು ದೊಡ್ಡ ಕೊರತೆಯೆಂದರು. "ಭಾವಾವೇಶ ಜಾಸ್ತಿಯಾಯ್ತು. ನನ್ನ ಪಾತ್ರ ಇನ್ನೂ ಗಟ್ಟಿಯಾಗಿ ಬರಬೇಕು" ಎಂದು ವಾಪಸು ಕೊಟ್ಟರು.

ಅಂದು ಸಂಜೆ ಅಂಗಡಿಯಲ್ಲಿ ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟು, ಸಹಿ ಹಾಕಿದನೇ ಎಂದು ಕೇಳಿದಳು.

"ತಿದ್ದಿ ತಾ ಅಂದ್ರಮ್ಮ."

"ಏನನ್ನ? ಅವನ ಕೈಯನ್ನಾ?"

ಅಮ್ಮ ಪ್ರಾಧ್ಯಾಪಕರ ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆಯನ್ನು ಇರಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಲ್ಲಿಸಿದಳು. ಆಮೇಲೆ, ಎಷ್ಟಾದರೂ ಗಿರಾಕಿಯ ಬಟ್ಟೆಯೆಂದು ಎತ್ತಿದಳು.

ಹೀಗೆ ತಿದ್ದಿ ತಿದ್ದಿ ದೂರು ಕೊಬ್ಬಿತು. ಅದಕ್ಕೆ ಪೀಠಿಕೆ ಬಂತು, ಅಡಿಟಿಪ್ಪಣಿ ಬಂತು, ಉಪಸಂಹಾರ ಬಂತು. ಪ್ರಾಧ್ಯಾಪಕರು ಪ್ರತಿಸಲವೂ ಒಂದು ಪ್ರತಿ ಇಟ್ಟುಕೊಳ್ಳುತ್ತಿದ್ದರು. ಅಷ್ಟರಲ್ಲಿ ಘಟಕವು ಅರಿವಿನ ಸಪ್ತಾಹ ಏರ್ಪಡಿಸಿತು. ಉದ್ಘಾಟನಾ ಭಾಷಣಕ್ಕೆ ಪ್ರಾಧ್ಯಾಪಕರಲ್ಲದೆ ಇನ್ನಾರಿದ್ದರು? ಅವರು ಹೊಸದಾಗಿ ಇಸ್ತ್ರಿಯಾದ ಅಂಗಿ ತೊಟ್ಟು, 'ಕಿರುಕುಳ: ಒಂದು ಒಳನೋಟ' ಎಂಬ ಹೆಸರಿನಲ್ಲಿ ಆ ದೂರನ್ನೇ ಕೊನೆಯ ಅಕ್ಷರದವರೆಗೂ ಓದಿದರು. ತಮ್ಮ ಹೆಸರಿದ್ದಲ್ಲಿ ಮಾತ್ರ 'ವ್ಯವಸ್ಥೆ' ಎಂದು ಓದಿಕೊಂಡರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಧ್ಯಕ್ಷೆ ಮತ್ತೆ ಅತ್ತರು. ಕಿರುಕುಳವನ್ನು ಇಷ್ಟು ಹತ್ತಿರದಿಂದ ಬಲ್ಲವರು ಇನ್ನೊಬ್ಬರಿಲ್ಲವೆಂದು ಕುಲಪತಿಗಳು ಹೊಗಳಿದ್ದು ನೂರಕ್ಕೆ ನೂರು ಸತ್ಯವಾಗಿತ್ತು. ಭಾಷಣ ಪುಸ್ತಕವಾಗಿ ಅಚ್ಚಾಯಿತು. ಸೋದರಮಾವನೇ ರಟ್ಟು ಕಟ್ಟಿದ್ದು.

ಪುಸ್ತಕ ಹೊರಬಂದ ಮರುದಿನ ಪ್ರಾಧ್ಯಾಪಕರು ತಾವಾಗಿಯೇ ಹುಡುಗಿಯನ್ನು ಕರೆದು ದೂರಿಗೆ ಸಹಿ ಹಾಕಿಕೊಟ್ಟರು. ಅವಳು ಓಡಿಹೋಗಿ ಘಟಕಕ್ಕೆ ಒಪ್ಪಿಸಿದಳು. ಘಟಕವು ನಿಯಮದಂತೆ ಅದನ್ನು ನಕಲು ಪತ್ತೆಹಚ್ಚುವ ಕಂಪ್ಯೂಟರಿಗೆ ಹಾಕಿತು. ಸಂಜೆಯೊಳಗೆ ಪ್ರಕಟಣೆ ಬಿತ್ತು:

'ಸದರಿ ವಿದ್ಯಾರ್ಥಿನಿಯು ಸಲ್ಲಿಸಿದ ದೂರು ಮಾನ್ಯ ಪ್ರಾಧ್ಯಾಪಕರ ಪ್ರಕಟಿತ ಕೃತಿಯ ಸಂಪೂರ್ಣ ನಕಲೆಂದು ದೃಢಪಟ್ಟಿರುತ್ತದೆ. ಅನ್ಯರ ನೋವನ್ನು ಸ್ವಂತದ್ದೆಂದು ಸಲ್ಲಿಸಿದ್ದಕ್ಕಾಗಿ ಆಕೆಯ ನೋಂದಣಿಯನ್ನು ಏಕೆ ರದ್ದುಪಡಿಸಬಾರದೆಂಬುದಕ್ಕೆ ಸಮಜಾಯಿಷಿಯನ್ನು, ಮಾರ್ಗದರ್ಶಕರ ಮೂಲಕ, ಸಲ್ಲಿಸತಕ್ಕದ್ದು.'

"ಬರೆದದ್ದು ನಾನು ಮೇಡಂ," ಎಂದಳು ಹುಡುಗಿ. "ಆದದ್ದೂ ನನಗೇ."

"ಇರಬಹುದಮ್ಮ. ಆದರೆ ಮೊದಲು ಅಚ್ಚಾದದ್ದು ಅವರದು."

ನೋಂದಣಿ ರದ್ದಾಯಿತು. ನಕಲಿನ ಕಳಂಕ ಹೊತ್ತವರನ್ನು ಬೇರೆ ಯಾವ ವಿಶ್ವವಿದ್ಯಾಲಯವೂ ಹೊಸಿಲು ದಾಟಿಸುವುದಿಲ್ಲ. ಆಗ ಪ್ರಾಧ್ಯಾಪಕರೇ ಮುಂದೆ ಬಂದು, ಬಡವರ ಮಗು, ಏನೋ ತಪ್ಪು ಮಾಡಿದೆ, ಮೊದಲ ವರ್ಷದಿಂದ ಹೊಸದಾಗಿ ತಮ್ಮ ಕೈಕೆಳಗೇ ಸೇರಿಸಿಕೊಳ್ಳುತ್ತೇನೆ ಎಂದರು. ಎಂಥ ದೊಡ್ಡ ಮನಸ್ಸು ಎಂದು ಕುಲಪತಿಗಳು ತಲೆದೂಗಿದರು. ಹುಡುಗಿ ಎಲ್ಲಿ ರುಜು ಮಾಡಬೇಕೆಂದು ಕೇಳಿದಳು. ಅಧ್ಯಕ್ಷೆ ತಾಯಿಯಂತೆ ಬೆರಳಿಟ್ಟು ತೋರಿಸಿದರು. ಎಲ್ಲರಿಗೂ ಸಮಾಧಾನವಾಯಿತು.

ಓದಿದವರು ದಯವಿಟ್ಟು ಇದನ್ನು ಇನ್ನೊಬ್ಬರಿಗೆ ಹೇಳಿ. ಬಾಯಲ್ಲೇ ಹೇಳಿ, ಬರೆದು ಕೊಟ್ಟರೆ ಯಾರಾದರೂ ತಿದ್ದಲು ಕೂತಾರು.