ಗುಮಾಸ್ತರ ಪಾದಪುರಾಣ

ಹೆಡ್ ಗುಮಾಸ್ತರ ಎಡಗಾಲಿಗೆ ಏನೋ ಆಗಿದೆ ಎಂಬುದು ಮನೆಯಲ್ಲಿ ಯಾರಿಗೂ ತಿಳಿಯದೆ ಉಳಿಯುವ ಸಂಭವವೇ ಇರಲಿಲ್ಲ. ಪಾದದ ಮೇಲೆಲ್ಲ ಉರಿ, ಜುಮುಜುಮು, ನಡುನಡುವೆ ಕರೆಂಟು ಹೊಡೆದ ಹಾಗೆ ಚಳುಕು. ಒಂದು ವಾರ ಅವರು ಸೋಫಾದ ಮೇಲೆ ಪವಡಿಸಿ (ಮಲಗಿ ಎಂದರೆ ಆ ಗಾಂಭೀರ್ಯಕ್ಕೆ ಸಾಲದು) ನೀರು, ದಿಂಬು, ಫ್ಯಾನಿನ ಸ್ವಿಚ್ಚು ಎಂದು ಅಪ್ಪಣೆ ಕೊಡಿಸುತ್ತಿದ್ದರು.

"ನರ ಸತ್ತೇಹೋಯ್ತು ಕಣೇ. ಕಾಲು ಕತ್ತರಿಸ್ತಾರೋ ಏನೋ."

"ಕತ್ತರಿಸಿದ್ರೂ ನಿಮಗೇನು ತೊಂದ್ರೆ ಬಿಡಿ. ಅದನ್ನ ಉಪಯೋಗಿಸಿದ್ದು ಯಾವಾಗ?" ಎಂದಳು ಹೆಂಡತಿ. ಅಂಗಡಿಯಲ್ಲಿ ಒಂಬತ್ತು ಗಂಟೆ ನಿಂತು, ಬಟ್ಟೆಯ ಥಾನುಗಳನ್ನು ಹರವಿ ತೋರಿಸಿ, ಮತ್ತೆ ಸುತ್ತಿಟ್ಟು ಬಂದವಳು.

ಆದರೂ ಮರುದಿನ ರಜೆ ಹಾಕಿ ಅವರನ್ನು ಆಸ್ಪತ್ರೆಗೆ ಕರೆದೊಯ್ದಳು. ನರರೋಗದ ಡಾಕ್ಟರಮ್ಮ ಪಾದ ಚುಚ್ಚಿದರು, ಬೆರಳು ಮಡಿಸಿದರು, ರಕ್ತಪರೀಕ್ಷೆಯ ಚೀಟಿ ಓದಿದರು.

"ಸಕ್ಕರೆ ಕಾಯಿಲೆ ಇಲ್ಲ. ಬೆನ್ನಿಂದ ಬಂದಿದ್ದೂ ಅಲ್ಲ," ಎನ್ನುತ್ತ ಮೊಣಕಾಲಿನ ಹೊರಮಗ್ಗುಲಿಗೆ ಬೆರಳಿಂದ ಕುಟ್ಟಿದರು. ಗುಮಾಸ್ತರು ಅಯ್ಯಯ್ಯೋ ಎಂದು ಹಾರಿಬಿದ್ದರು.

"ನರ ಇಲ್ಲಿ ಒತ್ತಿದೆ. ದಿನಾ ಹೇಗೆ ಕೂರ್ತೀರಿ?"

ಗುಮಾಸ್ತರು ಕೂತು ತೋರಿಸಿದರು.

"ಅದೇ ಕಾರಣ. ಕಾಲ ಮೇಲೆ ಕಾಲು ಹಾಕ್ಕೊಂಡು ಕೂತು ಕೂತು ಬಂದಿರೋದು."

ಇಪ್ಪತ್ತಾರು ವರ್ಷದಿಂದ ಹೆಂಡತಿ ಹೊರಿಸುತ್ತಿದ್ದ ಆರೋಪಕ್ಕೆ ಕೊನೆಗೂ ವೈದ್ಯಶಾಸ್ತ್ರದ ಮೊಹರು ಬಿದ್ದಿತ್ತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಭುಜ ಮಾತ್ರ ಕುಲುಕುತ್ತಿತ್ತು.

"ಔಷಧಿ?" ಎಂದರು ಗುಮಾಸ್ತರು, ಕ್ಷೀಣವಾಗಿ.

"ಹಾಗೆ ಕೂರಬೇಡಿ. ಎದ್ದು ಓಡಾಡಿ, ಮನೆಕೆಲಸ ಮಾಡಿ. ಒಂದೆರಡು ತಿಂಗಳಲ್ಲಿ ಸರಿಹೋಗುತ್ತೆ."

ಇಬ್ಬರೂ ಬಾಗಿಲ ಬಳಿ ಹೋದಾಗ ಡಾಕ್ಟರಮ್ಮ ತಡೆದರು. "ನೀವ್ಯಾಕಮ್ಮ ಕುಂಟ್ತಿದ್ದೀರಿ?"

"ಏನಿಲ್ಲ. ಬೆರಳ ಸಂದಿಯಲ್ಲಿ ಉರಿ. ಹೆಜ್ಜೆ ಇಟ್ರೆ ಕಲ್ಲು ಮೆಟ್ಟಿದ ಹಾಗಾಗುತ್ತೆ."

"ಎಷ್ಟು ದಿನದಿಂದ?"

"ಎರಡು ವರ್ಷ."

"ಮನೇಲಿ ಹೇಳಲಿಲ್ವಾ?"

ಗುಮಾಸ್ತರಿಗೆ ನೆನಪಾಯಿತು. ಹೇಳಿದ್ದಳು, ಒಂದಲ್ಲ ಮೂರು ಸಲ. "ವಯಸ್ಸಾಯ್ತಲ್ಲ, ಅಷ್ಟು ಇರುತ್ತೆ" ಎಂದು ಅವರು ಪೇಪರಿನ ಹಾಳೆ ಮಗುಚಿದ್ದರು.

"ಮನೇಲಿರೋದು ಒಂದೇ ಸೋಫಾ ಡಾಕ್ಟ್ರೇ," ಎಂದಳು ಅವಳು.

ಡಾಕ್ಟರಮ್ಮ ಅವಳ ಪಾದವನ್ನು ಎರಡೂ ಬದಿಯಿಂದ ಅದುಮಿದರು. ಅವಳು ಕೂಗಲಿಲ್ಲ, ಕಣ್ಣಲ್ಲಿ ನೀರು ತುಂಬಿತು ಅಷ್ಟೆ. ಅಂಗಡಿಯವರು ಕಡ್ಡಾಯ ಮಾಡಿದ್ದ ಚೂಪು ಮೂತಿಯ ಷೂ ಬೆರಳುಗಳನ್ನು ಹಿಂಡಿ, ನಡುವಿನ ನರ ಊದಿಕೊಂಡಿತ್ತು. ಅಗಲವಾದ ಷೂ, ಒಳಗೆ ಮೆತ್ತೆ, ಆರು ವಾರ ನಿಲ್ಲುವ ಕೆಲಸವೇ ಕೂಡದು. ಅದಕ್ಕೂ ಬಗ್ಗದಿದ್ದರೆ ಇಂಜೆಕ್ಷನ್ನು, ಆಮೇಲೆ ಆಪರೇಷನ್ನು.

"ಮೊದಲೇ ಬಂದಿದ್ರೆ ಇಷ್ಟಾಗ್ತಿರಲಿಲ್ಲ," ಎಂದರು ಡಾಕ್ಟರಮ್ಮ, ಗುಮಾಸ್ತರನ್ನೇ ನೋಡುತ್ತ.

ಆ ಸಂಜೆ ಗುಮಾಸ್ತರು ಒಲೆಯ ಮುಂದಿದ್ದರು. ಹಾಲು ಉಕ್ಕಿತ್ತು, ಅನ್ನ ತಳ ಹಿಡಿದಿತ್ತು, ಉಪ್ಪಿನ ಡಬ್ಬಿ ತಲೆಮರೆಸಿಕೊಂಡಿತ್ತು. ಹೊರಗೆ ಸೋಫಾದಲ್ಲಿ ಕಾಲು ಚಾಚಿದ್ದ ಹೆಂಡತಿಗೆ ಅವರ ತಂಗಿಯ ಫೋನು ಬಂತು.

"ಅತ್ತಿಗೆ, ಅಣ್ಣ ಹೇಗಿದ್ದಾನೆ?"

ಹೆಂಡತಿ ಅಡುಗೆಮನೆಯತ್ತ ನೋಡಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ.

"ಚೆನ್ನಾಗಿದ್ದಾರಮ್ಮ. ಮದುವೆಯಾದ ಮೇಲೆ ಇವತ್ತೇ ಮೊದಲು, ಸ್ವಂತ ಕಾಲ ಮೇಲೆ ನಿಂತಿದ್ದಾರೆ."