ಬಿಂಬುಳಿ ಹಚ್ಚಿದ ಅಲಾಯ್ ವೀಲು

ಪಾತ್ರೆ ಬೆಳಗುವ ವಿದ್ಯೆಯಲ್ಲಿ ನಮ್ಮ ಪುತ್ತೂರಿನ ಇಡೀ ದರ್ಬೆಯಲ್ಲಿ ನನಗೆ ಸರಿಸಾಟಿ ಇಲ್ಲ. ಇದು ನಾನು ಹೇಳುವ ಮಾತಲ್ಲ, ನಮ್ಮ ದೇವರಕೋಣೆಯ ಕಾಲುದೀಪಗಳು ಹೇಳುವ ಮಾತು. ಹಿತ್ತಿಲ ಮರದಿಂದ ಹುಳಿ ಹುಳಿ ಬಿಂಬುಳಿ ಕಾಯಿ ನಾಲ್ಕು ಕೊಯ್ದು ಜಜ್ಜಿ, ಉಪ್ಪು ಬೆರೆಸಿ, ಚಿಟಿಕೆ ಬೂದಿ ಹಾಕಿ ತಿಕ್ಕಿದೆನೆಂದರೆ ಸಾಕು, ಎಂಥ ಕಿಲುಬು ಹಿಡಿದ ಹಿತ್ತಾಳೆಯಲ್ಲೂ ಮುಖ ನೋಡಿ ಬೊಟ್ಟು ಇಟ್ಟುಕೊಳ್ಳಬಹುದು. ಆ ಹುಳಿಗೆ ಹೆದರದ ಕೊಳೆಯೇ ಈ ಲೋಕದಲ್ಲಿಲ್ಲ. ಇಂಥ ಸಾಧನೆ ಇರುವವಳು ಕಾರಿನ ಚಕ್ರಕ್ಕೆ ಹೆದರುವುದುಂಟೇ? ಹೆದರಬೇಕಿತ್ತು!

ಸುಳ್ಯದಿಂದ ಅಕ್ಕನ ಮಗಳು ಶ್ರಾವ್ಯಾ ಫೋನ್ ಮಾಡಿದಲ್ಲಿಂದ ಎಲ್ಲ ಶುರುವಾಯಿತು. ಅವಳ ಮದುವೆ ಪುತ್ತೂರಿನ ಕಲ್ಯಾಣಮಂಟಪದ ಹಾಲಿನಲ್ಲಿ ಎಂದು ನಿಶ್ಚಯವಾಗಿತ್ತು.

"ಚಿಕ್ಕಮ್ಮ, ಮದುವೆ ದಿನ ನಾನು ನಿಮ್ಮ ಕಾರಲ್ಲೇ ಬರುದು. ಅಪ್ಪ ಎಂಥದ್ದೋ ದೊಡ್ಡ ಕಾರು ಬಾಡಿಗೆಗೆ ಹೇಳ್ಲಿಕ್ಕೆ ಹೊರಟಿದ್ರು. ನಾನು ಬೇಡ್ವೇ ಬೇಡ ಅಂದೆ. ನಾನು ಡ್ರೈವಿಂಗ್ ಕಲ್ತದ್ದು ನಿಮ್ಮ ಕಾರಲ್ಲಿ ಅಲ್ವಾ?"

ನನಗೆ ಕಣ್ಣು ತುಂಬಿ ಬಂತು. ಮಕ್ಕಳಿಲ್ಲದ ನನಗೆ ಶ್ರಾವ್ಯಾ ಮಗಳೇ. ಮದುಮಗಳನ್ನು ಮುಹೂರ್ತಕ್ಕೆ ತಲುಪಿಸುವ ಭಾಗ್ಯ ಹೆತ್ತವರಿಗೆ ಮಾತ್ರ ಎಂದುಕೊಂಡಿದ್ದವಳಿಗೆ ಅದು ಕೇಳದೆಯೇ ಒಲಿದು ಬಂದಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಂಗಳಕ್ಕೆ ಹೋಗಿ ಕಾರನ್ನು ನೋಡಿದೆ. ಮೈಯೆಲ್ಲ ಚೆನ್ನಾಗಿಯೇ ಇತ್ತು. ಕೆಳಗೆ ನೋಡಬಾರದಿತ್ತು, ನೋಡಿದೆ. ನಾಲ್ಕೂ ಅಲಾಯ್ ವೀಲುಗಳು ಗೀರು ಬಿದ್ದು, ಮೇಲಿನ ಹೊಳಪಿನ ಪದರ ಸುಲಿದು, ಬಿಳಿ ಬಿಳಿ ಮಚ್ಚೆಯಾಗಿ ನಿಂತಿದ್ದವು. ಗೀರುಗಳಲ್ಲಿ ಅರ್ಧ ಶ್ರಾವ್ಯಾ ಕಲಿಯುವಾಗ ಮಾಡಿದ್ದು, ಉಳಿದರ್ಧ ನಾನು ಕಲಿಸುವಾಗ ಮಾಡಿದ್ದು. ಎಡಗಡೆ ಮುಂದಿನದ್ದು ಮಾತ್ರ ಕಡಬಕ್ಕೆ ಹೋಗುವಾಗ ಒಂದು ಹೊಂಡಕ್ಕೆ ಹೊಡೆದು ಸ್ವಲ್ಪ ಸೊಟ್ಟಗಾಗಿತ್ತು.

"ಹೊಸತು ಹಾಕಿಸುವ ಮಾರಾಯ್ತಿ," ಎಂದರು ನಮ್ಮ ಮನೆಯವರು. ಇವರದ್ದು ಯಾವಾಗಲೂ ಒಂದೇ ವಾಕ್ಯದ ತೀರ್ಪು.

"ಪೈಂಟ್ ಬಡಿದ್ರೆ ಆಯ್ತಪ್ಪ. ನಮ್ಮ ಗೇಟಿಗೆ ಬಡಿದದ್ದು ನೋಡು, ಹೇಗುಂಟು!" ಎಂದರು ಪಕ್ಕದ ಮನೆಯ ಪದ್ಮಾವತಿಯಕ್ಕ, ಕಾಂಪೌಂಡಿನ ಆಚೆಯಿಂದ.

ಬೈಪಾಸಿನ ಟಯರ್ ಅಂಗಡಿಗೆ ಹೋದೆವು. ಅಂಗಡಿಯವರು ಕಾರಿಗೊಂದು ಸುತ್ತು ಬಂದು ಹೇಳಿದರು: "ಬರೀ ಗೀರಾದ್ರೆ ಪೈಂಟ್ ಮಾಡಿಸ್ಬಹುದು. ಬಿರುಕು ಬಿಟ್ಟಿದ್ರೆ ಹೊಸತೇ ಆಗ್ಬೇಕು. ಆ ಸೊಟ್ಟ ಆದದ್ದನ್ನು ಟಯರ್ ಬಿಚ್ಚಿ ನೋಡ್ದೆ ಹೇಳ್ಲಿಕ್ಕೆ ಆಗುದಿಲ್ಲ. ಕಾರು ಇಲ್ಲೇ ಬಿಟ್ಟು ಹೋಗಿ, ಸಾಯಂಕಾಲ ಹೇಳ್ತೇನೆ."

ಸಾಯಂಕಾಲದವರೆಗೆ ಕಾಯಬೇಕಂತೆ! ನನಗೆ ಮದುವೆ ಕಾಗದ ಹಂಚುವ ಅವಸರ. "ನೋಡುವ, ನೋಡುವ," ಎಂದು ಗಾಡಿ ತಿರುಗಿಸಿದೆ. ಮನೆಗೆ ಬಂದ ಮೇಲೆ ಸದರಿ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಲು ಏಕಸದಸ್ಯ ಸಮಿತಿಯೊಂದನ್ನು ರಚಿಸಲಾಯಿತು. ಬದಲಿಸುವುದು ದುಂದು, ದುರಸ್ತಿಯೇ ಸೂಕ್ತ, ಅದೂ ಮನೆಯಲ್ಲೇ ಎಂದು ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿತು. ಸದಸ್ಯೆ ನಾನೇ.

ಮರುದಿನ ಬೆಳಗ್ಗೆ ಬುಟ್ಟಿ ತುಂಬ ಬಿಂಬುಳಿ ಕೊಯ್ದೆ. ದೀಪಕ್ಕಾದರೆ ತಿಕ್ಕಿದರೆ ಸಾಕು, ಇದು ವರ್ಷಗಟ್ಟಲೆಯ ಕೊಳೆ. ಆದ್ದರಿಂದ ಜಜ್ಜಿದ ಬಿಂಬುಳಿಯನ್ನು ಚಕ್ರಕ್ಕೆ ದಪ್ಪಗೆ ಮೆತ್ತಿ, ಹಳೆಯ ಸೀರೆಯ ತುಂಡು ಸುತ್ತಿ ಕಟ್ಟಿದೆ. ನಾಲ್ಕಕ್ಕೂ!

ಪೇಪರ್ ಹಿಡಿದು ಹೊರಗೆ ಬಂದ ಇವರು ಕಾರನ್ನು ನೋಡಿ ನಿಂತುಬಿಟ್ಟರು. "ಎಂತದಿದು? ಕಾರಿಗೆ ಕಾಲು ಉಳುಕಿದ್ದಾ?"

"ನೀವು ಸುಮ್ಮನಿರಿ. ಸಂಜೆ ಬಿಚ್ಚುವಾಗ ಕಣ್ಣು ಕುಕ್ಕುತ್ತದೆ, ಕನ್ನಡಕ ಹಾಕ್ಕೊಂಡು ಬನ್ನಿ."

ಸಂಜೆ ಬಿಚ್ಚಿದೆ. ಕಣ್ಣು ಕುಕ್ಕಲಿಲ್ಲ, ಕತ್ತಲೆ ಬಂತು. ಪದರ ಸುಲಿದ ಕಡೆಯೆಲ್ಲ ಕಪ್ಪು ಕಪ್ಪು ಬೂದುಬಣ್ಣ! ಹುಳಿಯ ಪದಾರ್ಥವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬಾರದು ಎಂದು ಮದುವೆಯಾದ ಹೊಸತರಲ್ಲೇ ಅತ್ತೆ ನನಗೆ ಹೇಳಿಕೊಟ್ಟಿದ್ದರು. ಆದರೆ ಅಲಾಯ್ ವೀಲು ಎಂದರೆ ಹೆಚ್ಚಿನದ್ದು ಅಲ್ಯೂಮಿನಿಯಮ್ಮೇ ಎಂದು ಪಾಪ ಅತ್ತೆಗೂ ಗೊತ್ತಿರಲಿಲ್ಲ. ನಾನು ನಾಲ್ಕು ಚಕ್ರವನ್ನು ದಿನವಿಡೀ ಹುಳಿಯಲ್ಲಿ ನೆನೆಹಾಕಿ ಸಾರು ಮಾಡಿಟ್ಟಿದ್ದೆ.

ಇವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಹೊಸತು ಹಾಕಿಸುವ," ಎಂದರು.

ಸೋಲೊಪ್ಪುವ ಜಾತಿಯೇ ನಾನು? ಹಾರ್ಡ್‌ವೇರ್ ಅಂಗಡಿಯಿಂದ ಬೆಳ್ಳಿ ಬಣ್ಣದ ಸ್ಪ್ರೇ ಡಬ್ಬಿಗಳನ್ನು ತಂದೆ. ಟಯರಿಗೆ ಬಣ್ಣ ತಾಗಬಾರದಲ್ಲ, ಸುತ್ತಲೂ ಬಾಳೆಲೆ ಇಟ್ಟೆ. ಪೇಟೆಯವರು ಇದಕ್ಕೆ ಅಂಟುಪಟ್ಟಿ ಹಚ್ಚುತ್ತಾರಂತೆ, ನಮ್ಮಲ್ಲಿ ಬಾಳೆಲೆ ಇರುವಾಗ ಅದೆಲ್ಲ ಯಾಕೆ? ಸ್ಪ್ರೇ ಒತ್ತಿದ್ದೇ ತಡ, ಜೋರು ಗಾಳಿ ಬಂತು. ಬಾಳೆಲೆ ಅತ್ತ ಹಾರಿತು, ಬೆಳ್ಳಿ ಬಣ್ಣ ಇತ್ತ ಹಾರಿತು. ಟಯರಿಗೆ ಬಿತ್ತು, ನನ್ನ ಚೂಡಿದಾರಕ್ಕೆ ಬಿತ್ತು. ಅಲ್ಲಿಗೇ ನಿಂತಿದ್ದರೆ ಪುಣ್ಯ. ಕಾಂಪೌಂಡಿನ ಆಚೆ ಪದ್ಮಾವತಿಯಕ್ಕ ಹಲಸಿನ ಹಪ್ಪಳ ಒಣಹಾಕಿದ್ದರು.

"ಪೋಂಡು! ಹೋಯ್ತು ಮಾರಾಯ್ತಿ, ನನ್ನ ಹಪ್ಪಳ ಎಲ್ಲ ಪೋಂಡು!"

ಓಡಿಹೋಗಿ ನೋಡಿದರೆ ಚಾಪೆಯ ಈಚೆ ಬದಿಯ ಹಪ್ಪಳವೆಲ್ಲ ಮಿಣಮಿಣ ಹೊಳೆಯುತ್ತಿತ್ತು. ಚಕ್ರಕ್ಕೆ ಬರಬೇಕಾದ ಹೊಳಪು ಇಷ್ಟು ಸಲೀಸಾಗಿ ಹಪ್ಪಳಕ್ಕೆ ಬಂದಿತ್ತು! ಎರಡು ಮನೆಯ ನಡುವಿನ ವರ್ಷಗಳ ಸ್ನೇಹ ಇವತ್ತಿಗೆ ಮುಗಿಯಿತೆಂದು ನಾನು ಅಳುಮುಖ ಮಾಡಿ ನಿಂತೆ. ಪದ್ಮಾವತಿಯಕ್ಕ ಒಂದು ಹಪ್ಪಳ ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲಿಕ್ಕೆ ಶುರುಮಾಡಿದರು.

"ಇದ್ರಲ್ಲಿ ಅಳುದು ಎಂತಕ್ಕೆ? ಹಲಸು ಇನ್ನೂ ಮರದಲ್ಲಿ ಬೇಕಾದಷ್ಟು ಉಂಟು. ಮಗುವಿನ ಮದುವೆ ಕೆಲಸ ಅಲ್ವಾ, ಬಾ," ಎಂದು ಬಟ್ಟೆಗೆ ಸೀಮೆಎಣ್ಣೆ ಹಾಕಿ ತಂದು ನನ್ನ ಜೊತೆ ಕುಕ್ಕರಗಾಲಲ್ಲಿ ಕೂತು ಟಯರು ಒರೆಸಿದರು. ಆ ಹೊತ್ತಿಗೆ ನನಗೆ ಅವರು ಸಾಕ್ಷಾತ್ ದೇವಿಯ ಹಾಗೆಯೇ ಕಂಡರು. ಅಂತೂ ಚಕ್ರಗಳು ಬೆಳ್ಳಿಯಾದವು. ಸ್ವಲ್ಪ ದೂರದಿಂದ, ಸ್ವಲ್ಪ ಕಣ್ಣು ಕಿರಿದು ಮಾಡಿ ನೋಡಿದರೆ ಹೊಸತೇ.

ಮದುವೆಯ ದಿನ ಬೆಳಗ್ಗೆ ಮದುಮಗಳನ್ನು ಕರೆದುಕೊಂಡು ಸುಳ್ಯದಿಂದ ಹೊರಟೆವು. ಅಕ್ಕ, ಭಾವ, ನೆಂಟರೆಲ್ಲ ಮೊದಲೇ ಪುತ್ತೂರಿಗೆ ಹೋಗಿ ಹಾಲಿನಲ್ಲಿ ಕೆಲಸ ನೋಡುತ್ತಿದ್ದರು. ಕಾರಿನಲ್ಲಿ ಸ್ಟೇರಿಂಗ್ ಹಿಡಿದ ನಾನು, ಪಕ್ಕದಲ್ಲಿ ಇವರು, ಹಿಂದೆ ಮಲ್ಲಿಗೆ ಮುಡಿದ ಶ್ರಾವ್ಯಾ. ಜಾಲ್ಸೂರು ದಾಟಿ ಸ್ವಲ್ಪ ದೂರ ಬಂದಿದ್ದೆವಷ್ಟೆ, ಕಾರು ಎಡಕ್ಕೆ ಎಳೆಯತೊಡಗಿತು. ಮತ್ತೆ ದಡಬಡ ಸದ್ದು. ನಿಲ್ಲಿಸಿದೆ. ಇವರು ಇಳಿದು ನೋಡಿದರು. ಆ ಸೊಟ್ಟ ಚಕ್ರದ ಟಯರು ಗಾಳಿಯೆಲ್ಲ ಹೋಗಿ ದೋಸೆಯಾಗಿತ್ತು.

"ತೊಂದ್ರೆ ಇಲ್ಲ, ಸ್ಟೆಪ್ನಿ ಹಾಕುವ," ಎಂದು ಇವರು ಪಂಚೆ ಎತ್ತಿ ಕಟ್ಟಿ ಡಿಕ್ಕಿ ತೆರೆದರು. ಮದುಮಗಳ ಸೀರೆಯ ಪೆಟ್ಟಿಗೆಗಳನ್ನು ಒಂದೊಂದಾಗಿ ರಸ್ತೆಬದಿಗೆ ಇಳಿಸಿದರು. ತಳದವರೆಗೆ ನೋಡಿದರು. "ಸ್ಟೆಪ್ನಿ ಎಲ್ಲಿ?"

"ದರ್ಬೆಯಲ್ಲಿ."

"ದರ್ಬೆಯಲ್ಲಿ ಎಂತ ಮಾಡ್ತಾ ಉಂಟು?"

"ಪೆಟ್ಟಿಗೆಗೆ ಜಾಗ ಸಾಕಾಗ್ಲಿಲ್ಲ ಅಂತ... ಮತ್ತೆ ಅದು ತುಕ್ಕು ಹಿಡಿದು ಅಸಹ್ಯ ಕಾಣ್ತಿತ್ತು."

ಇವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು! ಮೊಬೈಲು ತೆಗೆದು ಫೋನ್ ಮಾಡತೊಡಗಿದರು. ಮದುವೆಯ ಸೀಸನ್, ಬಾಡಿಗೆ ಕಾರುಗಳು ಒಂದೂ ಇಲ್ಲ. ಹಾಲಿನಿಂದ ಯಾರಾದರೂ ಹೊರಟು ಬಂದು ಕರೆದುಕೊಂಡು ಹೋಗುವಷ್ಟರಲ್ಲಿ ಮುಹೂರ್ತ ಮುಗಿದೇ ಹೋಗುತ್ತದೆ. ಶ್ರಾವ್ಯಾ ಮೊದಲು ನಕ್ಕಳು. ಆಮೇಲೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ದೊಡ್ಡ ಕಾರು ಬೇಡವೆಂದು ನನ್ನನ್ನು ನಂಬಿ ಬಂದ ಮಗುವನ್ನು ನಾನು ರಸ್ತೆಬದಿಯ ಪೆಟ್ಟಿಗೆಗಳ ನಡುವೆ ನಿಲ್ಲಿಸಿದ್ದೆ.

ಆಗ ಸುಳ್ಯದ ಕಡೆಯಿಂದ ಒಂದು ಬಸ್ಸು ಬಂತು. ಕೈ ಅಡ್ಡ ಹಾಕಲು ಹೋದವಳು ಎದುರಿನ ಗಾಜಿನ ಮೇಲೆ ಅಂಟಿಸಿದ್ದ ವಧೂವರರ ಹೆಸರು ಓದಿ ಹಾಗೇ ಕೈ ಕೆಳಗಿಳಿಸಿದೆ. ಸಂಪಾಜೆಯಿಂದ ಬರುತ್ತಿದ್ದ ಮದುಮಗನ ದಿಬ್ಬಣ! ಅಡಗಿಕೊಳ್ಳಲು ಜಾಗ ಹುಡುಕುವಷ್ಟರಲ್ಲಿ ಬಸ್ಸು ತಾನಾಗಿ ನಿಂತಿತು. ಕಿಟಕಿಯಿಂದ ಮದುಮಗನ ಅಜ್ಜಿ ತಲೆ ಹೊರಗೆ ಹಾಕಿದರು.

"ಅದು ನಮ್ಮ ಮದುಮಗಳಲ್ವಾ? ರಸ್ತೆಯಲ್ಲಿ ಎಂತ ಮಾಡ್ತಿದ್ದಾಳೆ?"

ನಾನು ಕೈಮುಗಿದು ವಿಷಯ ಹೇಳಿದೆ. ಹುಡುಗನ ಕಡೆಯವರು ಏನೆಂದುಕೊಳ್ಳುತ್ತಾರೋ, ಅಪಶಕುನ ಎನ್ನುತ್ತಾರೋ ಎಂದು ಜೀವ ಬಾಯಿಗೆ ಬಂದಿತ್ತು. ಅಜ್ಜಿ ಹಿಂದೆ ತಿರುಗಿ ಒಂದೇ ಮಾತು ಹೇಳಿದರು: "ಎದ್ದು ಜಾಗ ಕೊಡಿ!" ಬಸ್ಸಿಗೆ ಬಸ್ಸೇ ಎದ್ದು ನಿಂತಿತು. ಮದುಮಗನೂ ಎದ್ದ.

"ನೀನು ಕೂತ್ಕೋ!" ಅಜ್ಜಿ ಗದರಿದರು. "ಮುಹೂರ್ತದ ಮೊದ್ಲು ಮುಖ ನೋಡ್ಲಿಕ್ಕುಂಟಾ?"

"ಅಜ್ಜಿ, ನಿನ್ನೆಯೇ ವಿಡಿಯೋ ಕಾಲಲ್ಲಿ ನೋಡಿದ್ದೇನಲ್ಲ..."

"ಅದು ಮೊಬೈಲು. ಇದು ಬಸ್ಸು!"

ಹೀಗಾಗಿ ಮಂಟಪದಲ್ಲಿ ಭಟ್ಟರು ಹಿಡಿಸಬೇಕಾದ ಅಂತಃಪಟವನ್ನು ಜಾಲ್ಸೂರಿನ ಆಚೆಯಿಂದಲೇ ಹಿಡಿಯಬೇಕಾಯಿತು. ಕಾರಿಗೆ ಬೀಗ ಹಾಕಿ ಪೆಟ್ಟಿಗೆಗಳನ್ನೆಲ್ಲ ಬಸ್ಸಿಗೆ ಹತ್ತಿಸಿದೆವು. ಶ್ರಾವ್ಯಾ ಡ್ರೈವರಿನ ಹಿಂದಿನ ಸೀಟಿನಲ್ಲಿ, ಮದುಮಗ ಕಟ್ಟಕಡೆಯ ಸೀಟಿನಲ್ಲಿ. ನಡುವೆ ಇವರ ಜರಿ ಶಾಲಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಇವರ ಕೈಯಲ್ಲಿ. ಬಸ್ಸು ತಿರುವಿನಲ್ಲಿ ವಾಲಿದಾಗ ನಾವೂ ವಾಲಿದೆವು. ಬ್ರೇಕ್ ಹಾಕಿದಾಗಲೆಲ್ಲ ಶಾಲು ಕೆಳಗೆ ಬಂತು, ಮದುಮಗನ ಕುತ್ತಿಗೆ ಮೇಲೆ ಬಂತು, "ತೆರೆ ಮೇಲೆತ್ತಿ! ಮೇಲೆ!" ಎಂದು ಅಜ್ಜಿ ಕೂಗಿದರು. ಕುಂಬ್ರ ತಲುಪುವಾಗ ನನ್ನ ಕೈಗೆ ಜೋಮು ಹಿಡಿದಿತ್ತು. ಹುಡುಗನ ಸೋದರತ್ತೆ ಎದ್ದು ಬಂದು, "ಕೊಡಿ, ನೀವು ಸ್ವಲ್ಪ ಕೂತ್ಕೊಳ್ಳಿ," ಎಂದು ನನ್ನ ಕೈಯಿಂದ ತುದಿ ತೆಗೆದುಕೊಂಡು ಕುಡಿಯಲು ನೀರು ಕೊಟ್ಟರು. ಮುಂದೆ ಶ್ರಾವ್ಯಾ ನಗುತ್ತಿದ್ದಳು. ಅವಳ ನಗು ಕೇಳಿದ ಮೇಲೆ ನಾನು ಅತ್ತುಬಿಟ್ಟೆ. ಹೆಸರೂ ಗೊತ್ತಿಲ್ಲದ ಆ ಬಸ್ಸಿನ ಜನರ ಉಪಕಾರವನ್ನು ಈ ಜನ್ಮದಲ್ಲಿ ಮರೆಯಲಾರೆ.

ಹಾಲಿನ ಬಾಗಿಲಲ್ಲಿ ಅಕ್ಕ ಆರತಿ ತಟ್ಟೆ ಹಿಡಿದು ದಿಬ್ಬಣ ಎದುರುಗೊಳ್ಳಲು ನಿಂತಿದ್ದಳು. ವಾಲಗ ಜೋರಾಯಿತು. ಬಸ್ಸಿನ ಬಾಗಿಲು ತೆರೆಯಿತು. ಮೊದಲು ಇಳಿದವಳು ಅವಳ ಮಗಳು! ಅಕ್ಕ ತಟ್ಟೆಯನ್ನು ಅತ್ತ ಹಿಡಿಯಲೋ ಇತ್ತ ಹಿಡಿಯಲೋ ತಿಳಿಯದೆ ನಿಂತಳು. ಭಟ್ಟರು ಮಾತ್ರ ಗಡಿಯಾರ ನೋಡಿ, "ಎರಡು ಕಡೆಯವ್ರೂ ಒಟ್ಟಿಗೇ ಬಂದ್ರಾ? ಒಳ್ಳೇದಾಯ್ತು, ಕಾಯುವ ಕೆಲಸ ಇಲ್ಲ," ಎಂದರು. ಜನರ ಹಿಂದೆ ಮರೆಯಾಗಲು ನೋಡುತ್ತಿದ್ದ ನನ್ನ ಕೈಯನ್ನು ಶ್ರಾವ್ಯಾ ಗಟ್ಟಿಯಾಗಿ ಹಿಡಿದುಕೊಂಡು, ನನ್ನನ್ನು ಎಳೆದುಕೊಂಡೇ ಒಳಗೆ ಹೋದಳು.

ಮುಹೂರ್ತ ತಪ್ಪಲಿಲ್ಲ.

ಮದುವೆ ಮುಗಿದ ಮೇಲೆ ಕಾರನ್ನು ಎಳೆಸಿಕೊಂಡು ಬೈಪಾಸಿನ ಅದೇ ಅಂಗಡಿಗೆ ತಂದೆವು. ಟಯರ್ ಬಿಚ್ಚಿದರು. ಒಳಬದಿಯಲ್ಲಿ ಉದ್ದಕ್ಕೆ ಬಿರುಕು. ಹೊರಗಡೆ ನನ್ನ ಬೆಳ್ಳಿ ಬಣ್ಣ. ಸೊಟ್ಟಗಾದದ್ದಕ್ಕೆ ಹೊಸ ವೀಲು ಹಾಕಿ, ಗೀರಾದ ಉಳಿದವಕ್ಕೆ ಸರಿಯಾಗಿ ಪೈಂಟ್ ಮಾಡಿಸಿದರು. ಒಂದು ಸಾಯಂಕಾಲ ಕಾದಿದ್ದರೆ ಆಗುವ ಕೆಲಸ! ಇವರು ಇವತ್ತಿನವರೆಗೆ "ನಾನು ಹೇಳಿರ್ಲಿಲ್ವಾ" ಎಂದಿಲ್ಲ. ಅದಕ್ಕೂ ನಾನು ಕೃತಜ್ಞೆ, ಯಾಕೆಂದರೆ ಅವರ ಜಾಗದಲ್ಲಿ ನಾನಿದ್ದಿದ್ದರೆ ದಿನಕ್ಕೆರಡು ಸಲ ಹೇಳುತ್ತಿದ್ದೆ.

ಕೆಲವು ದಿನ ಕಳೆದು ಸಂಪಾಜೆಯಿಂದ ಅಜ್ಜಿಯ ಫೋನ್ ಬಂತು. "ನೀವಿಬ್ರೂ ಊಟಕ್ಕೆ ಬರ್ಲೇಬೇಕು. ಶ್ರಾವ್ಯಾ ನಿಮ್ಮನ್ನೇ ಕೇಳ್ತಿದ್ದಾಳೆ. ಕಾರು ತರುದು ಬೇಡ, ಬಸ್ಸು ಕಳಿಸ್ತೇವೆ."

ತಮಾಷೆ ಎಂದುಕೊಂಡು ನಾನೂ ನಕ್ಕೆ. ಹೊರಡುವ ದಿನ ಚಕ್ರ ಒರೆಸಿ, ಕೀ ಹಿಡಿದು ಅಂಗಳಕ್ಕೆ ಬಂದರೆ ನಮ್ಮ ಓಣಿಗೆ ಆ ದೊಡ್ಡ ಬಸ್ಸು ಹಿಮ್ಮುಖವಾಗಿ ಬರುತ್ತಿದೆ! ಅಕ್ಕಪಕ್ಕದವರೆಲ್ಲ ಗೇಟಿಗೆ ಬಂದು ನಿಂತಿದ್ದರು. ಅಷ್ಟು ಸೀಟುಗಳಿಗೆ ನಾವಿಬ್ಬರೇ. ನಾನು ಕೀಯನ್ನು ಮೆಲ್ಲಗೆ ಬ್ಯಾಗಿಗೆ ಹಾಕಿ ಮೆಟ್ಟಿಲು ಹತ್ತಿದೆ.

ಡ್ರೈವರು ಹಿಂದೆ ತಿರುಗಿ ಬಹಳ ಗೌರವದಿಂದ ಹೇಳಿದರು: "ಕೂತ್ಕೊಳ್ಳಿ ಅಕ್ಕ. ಸ್ಟೆಪ್ನಿ ಉಂಟು. ನೋಡಿಯೇ ಹೊರಟದ್ದು."